ಬಡಗಿಯ ಉದ್ದನೆಯ ಹಾಡು

"ಮೇಷ್ಟ್ರೇ, ಅಳಿಸುವ ಹಾಡು ದೊಡ್ಡದೋ, ಕುಣಿಸುವ ಹಾಡು ದೊಡ್ಡದೋ?"

ತಿಪ್ಪೇಶ ಇದನ್ನು ಕೇಳಿದ್ದು ಗಿಟಾರನ್ನು ಚೀಲದಿಂದ ಹೊರಗೆ ತೆಗೆಯುವ ಮೊದಲೇ. ಜೋಕಿಂ ಮೇಷ್ಟ್ರ ಬಳಿ ಅವನು ಮೂರು ವರ್ಷದಿಂದ ಕಲಿಯುತ್ತಿದ್ದ. ಅವನ ಜೊತೆಗೇ ಕಲಿಯುವ ವಾಜಿದನಿಗೂ ಅವನಿಗೂ ಒಂದು ವಾರದಿಂದ ಮಾತಿರಲಿಲ್ಲ. ತಿಪ್ಪೇಶನಿಗೆ ಒಂದು ರಾಕ್ ಹಾಡೆಂದರೆ ಪ್ರಾಣ. ನಿಧಾನವಾದ, ದುಃಖದ, ಐದು ನಿಮಿಷದ ಹಾಡು. ವಾಜಿದನಿಗೆ ಒಂದೇ ಲಯದಲ್ಲಿ ಇಪ್ಪತ್ತು ನಿಮಿಷ ಸುತ್ತುವ, ಕುಣಿಸುವ ಫಂಕ್ ಸಂಗೀತ ಬೇಕು. ತಿಪ್ಪೇಶ ಅದನ್ನು ರುಬ್ಬುವ ಕಲ್ಲು ಎಂದಿದ್ದ. ವಾಜಿದ ಇವನದನ್ನು ಸಾವಿನ ಮನೆ ಎಂದಿದ್ದ. ಮಾತು ಅಲ್ಲಿಗೆ ನಿಂತಿತ್ತು.

"ನಿನಗೆ ತೀರ್ಪು ಬೇಕೋ, ಕತೆ ಬೇಕೋ?" ಎಂದರು ಮೇಷ್ಟ್ರು.

"ತೀರ್ಪು."

"ಹಾಗಾದರೆ ಕತೆ ಕೇಳು," ಎಂದು ಅವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಂಚುಗಾರನಿದ್ದ. ಅವನ ಪಕ್ಕದ ಅಂಗಡಿಯಲ್ಲಿ ಒಬ್ಬ ಬಡಗಿಯಿದ್ದ. ಎರಡು ಅಂಗಡಿಗೂ ಸೇರಿ ಮುಂದೆ ಒಂದೇ ಜಗಲಿ. ಕಂಚುಗಾರ ಬೆಳಗಿನಿಂದ ಸಂಜೆಯವರೆಗೆ ತಾಮ್ರದ ಹಂಡೆಗಳನ್ನು ಬಡಿಯುತ್ತಿದ್ದ. ಬಡಗಿ ಹಲಗೆಗಳ ಮೇಲೆ ಉಜ್ಜುಗೊರಡು ತಳ್ಳುತ್ತಿದ್ದ. ಇಬ್ಬರೂ ಒಳ್ಳೆಯ ಕೆಲಸಗಾರರು. ಆದ್ದರಿಂದಲೇ ಇಬ್ಬರಿಗೂ ಹಠ ಜಾಸ್ತಿ. ಕೆಲಸ ಬಾರದವನಿಗೆ ಅಷ್ಟು ಹಠ ಇರುವುದಿಲ್ಲ, ನಾನು ನೋಡಿದ್ದೇನೆ.

ಒಮ್ಮೆ ಊರು ಬಿಟ್ಟು ಹೋಗುತ್ತಿದ್ದ ಒಂದು ಬಂಗಲೆಯವರಿಂದ ಕಂಚುಗಾರ ಹಳೆಯ ಪಾತ್ರೆಗಳನ್ನು ತಂದ. ಮೂಟೆಯ ತಳದಲ್ಲಿ ಒಂದು ಟೇಪ್ ರೆಕಾರ್ಡರೂ ಎರಡು ಕ್ಯಾಸೆಟ್ಟುಗಳೂ ಇದ್ದವು. ಕ್ಯಾಸೆಟ್ಟಿನ ಮೇಲಿನ ಚೀಟಿ ಕಿತ್ತುಹೋಗಿತ್ತು. ಯಾರ ಹಾಡು, ಯಾವ ದೇಶದ ಹಾಡು, ಯಾರಿಗೂ ತಿಳಿಯದು. ಹಾಡಿನ ಭಾಷೆಯಂತೂ ಇಬ್ಬರಿಗೂ ಬಾರದು.

ಒಂದು ಕ್ಯಾಸೆಟ್ಟಿನಲ್ಲಿ ಒಬ್ಬ ಗಂಡಸು ತಗ್ಗಿದ ದನಿಯಲ್ಲಿ ಹಾಡುತ್ತಿದ್ದ. ನಡುವೆ ಅವನ ಮಾತು ನಿಂತು, ಗಿಟಾರ್ ಒಂದೇ ಒಂಟಿಯಾಗಿ ಮೇಲಕ್ಕೆ ಹೋಗಿ ಅಳುತ್ತಿತ್ತು. ಅದನ್ನು ಕೇಳಿದ ಕಂಚುಗಾರ ಸುತ್ತಿಗೆ ಕೆಳಗಿಟ್ಟ. "ಇವನ ಮನೇಲಿ ಯಾರೋ ತೀರಿಕೊಂಡಿದಾರೆ ಕಣಯ್ಯ," ಎಂದ. ಆ ಹೊತ್ತಿನಿಂದ ಅದು ಅವನ ಹಾಡಾಯಿತು.

ಇನ್ನೊಂದರಲ್ಲಿ ಹಾಡು ಎನ್ನುವಂಥದ್ದು ಹೆಚ್ಚೇನೂ ಇರಲಿಲ್ಲ. ಡ್ರಮ್ಮು, ದಪ್ಪ ತಂತಿಯ ಗಿಟಾರು, ಆಗಾಗ ಯಾರೋ ಖುಷಿಯಿಂದ ಕೂಗುವುದು, ಅಷ್ಟೇ. ಅದು ಒಂದು ಸುತ್ತು ಸುತ್ತಿ ಹೊರಟಲ್ಲಿಗೇ ಬರುತ್ತಿತ್ತು. ಮತ್ತೆ ಸುತ್ತುತ್ತಿತ್ತು. ಹೀಗೆ ಇಪ್ಪತ್ತು ನಿಮಿಷ. ಎರಡನೆಯ ದಿನ ಬಡಗಿಯ ಉಜ್ಜುಗೊರಡು ತಾನಾಗಿ ಆ ಲಯಕ್ಕೆ ಬಿತ್ತು. ಅದು ಅವನ ಹಾಡಾಯಿತು.

ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕೆಲಸ ನಿಲ್ಲಿಸಿ ಜಗಲಿಯಲ್ಲಿ ಕೂರುತ್ತಿದ್ದರು. ಟೇಪ್ ರೆಕಾರ್ಡರ್ ಒಂದೇ. ಕ್ಯಾಸೆಟ್ಟು ಎರಡು. ಜಗಳಕ್ಕೆ ಇಷ್ಟು ಸಾಕಲ್ಲ?

"ನಿನ್ನ ಹಾಡಲ್ಲಿ ಏನಿದೆಯೋ? ಇಪ್ಪತ್ತು ನಿಮಿಷ ನಡೆದ್ರೂ ಮನೆ ಬಾಗಿಲು ದಾಟಲ್ಲ," ಎನ್ನುತ್ತಿದ್ದ ಕಂಚುಗಾರ.

"ನಿನ್ನ ಹಾಡು ಕೇಳಿದ್ರೆ ತಿಂದ ಅನ್ನ ಜೀರ್ಣ ಆಗಲ್ಲ ಮಾರಾಯ," ಎನ್ನುತ್ತಿದ್ದ ಬಡಗಿ.

ಹೀಗೆ ವರ್ಷಗಳು ಕಳೆದವು. ದಿನವೂ ಜಗಳ, ದಿನವೂ ಅದೇ ಜಗಲಿ. ಒಬ್ಬರು ಒಂದು ದಿನ ಬಾರದಿದ್ದರೆ ಇನ್ನೊಬ್ಬರಿಗೆ ಊಟ ರುಚಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಅದನ್ನು ಇಬ್ಬರೂ ಒಪ್ಪುತ್ತಿರಲಿಲ್ಲ.

ತಾಮ್ರ ಬಡಿಯುವವನ ಕಿವಿ ಏನಾಗುತ್ತದೆಂದು ನಿನಗೆ ಗೊತ್ತಲ್ಲ. ಮೂವತ್ತು ವರ್ಷ ಅವನು ಹಂಡೆಯೊಳಗೆ ತಲೆ ಬಗ್ಗಿಸಿ ಬಡಿದಿದ್ದ. ಒಂದು ದಿನ ಹಾಡಿನಲ್ಲಿ ಗಿಟಾರಿನ ತುದಿ ಕೇಳಿಸಲಿಲ್ಲ. ತುಂಬ ಮೇಲೆ ಹೋಗಿ ಅದು ಅಳುವ ಜಾಗ. ಕ್ಯಾಸೆಟ್ಟು ಸವೆದಿದೆ ಎಂದುಕೊಂಡ. ಹತ್ತಿಯಿಂದ ಟೇಪ್ ರೆಕಾರ್ಡರಿನ ಒಳಗೆಲ್ಲ ಒರೆಸಿದ. ಕೆಲವು ತಿಂಗಳ ನಂತರ ಹಾಡುವವನ ಮಾತುಗಳು ಮಸಕಾದವು. ದನಿ ಏರಿಸಿದ. ಇನ್ನೂ ಏರಿಸಿದ. ಎದುರುಮನೆಯವರು ಬಂದು ಬೈದು ಹೋದರು. ಬಡಗಿ ಇದನ್ನು ಕೊಬ್ಬು ಎಂದೇ ತಿಳಿದ. ಕಂಚುಗಾರ ಯಾರಿಗೂ ನಿಜ ಹೇಳಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಮಾತನ್ನು ಊಹಿಸುವುದನ್ನು ಕಲಿತ. ಮಧ್ಯಾಹ್ನದ ಜಗಳವನ್ನು ಮಾತ್ರ ಒಂದು ದಿನವೂ ಬಿಡಲಿಲ್ಲ. ತನಗೆ ಕೇಳಿಸದ ಹಾಡಿನ ಪರವಾಗಿ ಅವನು ಮೊದಲಿಗಿಂತ ಜೋರಾಗಿ ವಾದಿಸುತ್ತಿದ್ದ.

ಒಂದು ಮಧ್ಯಾಹ್ನ ಮೊದಲ ಸರದಿ ಅವನದಾಗಿತ್ತು. ತನ್ನ ಕ್ಯಾಸೆಟ್ಟು ಹಾಕಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿದ. ಹಾಡು ಅರ್ಧಕ್ಕೆ ಬಂದಿರಬೇಕು, ಕರೆಂಟು ಹೋಯಿತು. ಟೇಪ್ ರೆಕಾರ್ಡರಿನ ಕೆಂಪು ದೀಪ ಆರಿತು. ಬೀದಿಯೆಲ್ಲ ನಿಶ್ಶಬ್ದ. ಬಡಗಿ ತನ್ನ ಸರದಿ ಹೋಯಿತಲ್ಲ ಎಂದು ಶಪಿಸುತ್ತ ಪಕ್ಕಕ್ಕೆ ನೋಡಿದ. ಕಂಚುಗಾರ ಕಣ್ಣು ಮುಚ್ಚಿಕೊಂಡೇ ತಲೆ ತೂಗುತ್ತಿದ್ದ. ಬೆರಳು ಮೇಲೆತ್ತಿ ಹೇಳಿದ:

"ಈಗ ಬಂತು ನೋಡು. ಗಿಟಾರು ಅಳೋ ಜಾಗ. ಇದಕ್ಕೇನಂತೀಯ?"

ಬಡಗಿಗೆ ಎಲ್ಲ ತಿಳಿದುಹೋಯಿತು. ಇಷ್ಟು ವರ್ಷ ಒಂದು ದಿನವೂ ವಾದದಲ್ಲಿ ಸೋಲೊಪ್ಪಿದವನಲ್ಲ ಬಡಗಿ. ಕಂಚುಗಾರ ಉತ್ತರಕ್ಕಾಗಿ ಕಣ್ಣು ತೆರೆದಾಗ, ಬಡಗಿ ಅವನ ಮುಖ ನೋಡಿ, "ಹೌದಯ್ಯ, ಚೆನ್ನಾಗಿದೆ," ಎಂದ.

ಅದೇ ಅವನು ಮಾಡಿದ ತಪ್ಪು. ಬಡಗಿ ಒಪ್ಪಿದನೆಂದರೆ ಏನೋ ಆಗಿದೆ ಎಂದು ಕಂಚುಗಾರನಿಗೆ ತಕ್ಷಣ ತಿಳಿಯಿತು. ತಿರುಗಿ ನೋಡಿದ. ಕೆಂಪು ದೀಪ ಇರಲಿಲ್ಲ.

ಅವನು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿದ. ಆಮೇಲೆ, "ಮೂರು ತಿಂಗಳಿಂದ ಬರೀ ನೆನಪಲ್ಲೇ ಕೇಳ್ತಿದೀನಿ," ಎಂದ. "ಈಗೀಗ ನೆನಪೂ ತಪ್ಪುತ್ತಿದೆ."

ಮರುದಿನ ಬಡಗಿ ಅವನನ್ನು ಬಲವಂತವಾಗಿ ಡಾಕ್ಟರರ ಬಳಿಗೆ ಕರೆದುಕೊಂಡು ಹೋದ. ಕಿವಿಯ ನರ ಸತ್ತಿದೆ, ಇದು ತಿರುಗಿ ಬರುವುದಲ್ಲ ಎಂದು ಅವರು ಹೇಳಿದರು. ಅಂಗಡಿಗೆ ಮರಳಿದ ಕೂಡಲೇ ಕಂಚುಗಾರ ಟೇಪ್ ರೆಕಾರ್ಡರನ್ನೂ ಎರಡೂ ಕ್ಯಾಸೆಟ್ಟುಗಳನ್ನೂ ತಂದು ಬಡಗಿಯ ಮೇಜಿನ ಮೇಲಿಟ್ಟ. "ನೀನೇ ಇಟ್ಕೊ. ಇನ್ನು ನಿನ್ನ ಹಾಡು ಎಷ್ಟು ಬೇಕಾದ್ರೂ ಹಾಕ್ಕೊ. ಜಗಳ ಆಡೋರಿಲ್ಲ," ಎಂದ. ಮಾರನೆಯ ದಿನದಿಂದ ಅವನು ಜಗಲಿಗೆ ಬರಲಿಲ್ಲ. ಒಳಗೇ ಕೂತು ಊಟ ಮಾಡಿ ಮತ್ತೆ ಹಂಡೆ ಬಡಿಯುತ್ತಿದ್ದ. ಅವನ ಹೆಂಡತಿ ಮಾತಾಡಿಸಿದರೆ ತಲೆಯಾಡಿಸುತ್ತಿದ್ದ, ಅಷ್ಟೇ. ಪ್ರೀತಿಯ ಹಾಡು ಸತ್ತವನಿಗೆ ಉಳಿದ ಮಾತುಗಳನ್ನು ಕೇಳುವ ಆಸೆಯೂ ಹೋಗಿತ್ತು.

ಬಡಗಿ ತನ್ನ ಹಾಡನ್ನು ಒಂಟಿಯಾಗಿ ಹಾಕಿದ. ಬೇಕಾದಷ್ಟು ಸಲ ಹಾಕಬಹುದಿತ್ತು. ಆದರೆ ಒಂದು ಸಲಕ್ಕೇ ಬೇಸರ ಬಂತು. ಬೈಯುವವರಿಲ್ಲದೆ ಅವನ ಹಾಡಿಗೆ ಉಪ್ಪೇ ಇರಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಮೇಜನ್ನೇ ನೋಡುತ್ತ ಕೂತ. ಮೇಜಿನ ಮೇಲೆ ಮರದ ಹೊಟ್ಟು ಬಿದ್ದಿತ್ತು. ದಪ್ಪ ತಂತಿ ಮಿಡಿದಾಗಲೆಲ್ಲ ಆ ಹೊಟ್ಟು ಜಿಗಿಯುತ್ತಿತ್ತು. ಬಡಗಿ ಅಂಗೈಯನ್ನು ಹಲಗೆಯ ಮೇಲಿಟ್ಟ. ಆಮೇಲೆ ಎರಡು ಕಿವಿಯೊಳಗೂ ಹತ್ತಿ ತುರುಕಿ, ಮತ್ತೆ ಅಂಗೈಯಿಟ್ಟ.

ಅಂದೇ ಅವನು ಹಲಸಿನ ಹಲಗೆ ಆರಿಸಿ ತೆಗೆದ. ವೀಣೆ ಮಾಡುವ ಮರ ಅದು, ನಿನಗೆ ಗೊತ್ತು. ಹಿಡಿದ ಕೆಲಸಗಳನ್ನೆಲ್ಲ ಪಕ್ಕಕ್ಕಿಟ್ಟು, ಪೆಟ್ಟಿಗೆಯಂತೆ ಒಳಗೆ ಟೊಳ್ಳಾದ ಒಂದು ಮಣೆ ಮಾಡಿದ. ಟೊಳ್ಳಿನೊಳಗೆ ಒಂದು ದೊಡ್ಡ ಸ್ಪೀಕರ್ ಕೂರಿಸಿ, ಟೇಪ್ ರೆಕಾರ್ಡರಿಗೆ ಜೋಡಿಸಿದ. ಹಲಗೆ ದಪ್ಪವಾಯಿತು ಎನಿಸಿದಾಗ ಬಿಚ್ಚಿ ಮತ್ತೆ ಉಜ್ಜಿದ. ಕಿವಿಗೆ ಹತ್ತಿ ತುಂಬಿಕೊಂಡು ತಾನೇ ಕೂತು ನೋಡಿದ. ಮತ್ತೆ ಬಿಚ್ಚಿದ. ಹನ್ನೊಂದು ದಿನ ಹಿಡಿಯಿತು.

ಕಂಚುಗಾರನನ್ನು ರಟ್ಟೆ ಹಿಡಿದು ಎಳೆದುತಂದು ಕೂರಿಸಬೇಕಾಯಿತು. ಬಡಗಿ ಮೊದಲು ಹಾಕಿದ್ದು ಕಂಚುಗಾರನ ಹಾಡನ್ನೇ. ಅದು ಅವನ ದೊಡ್ಡತನ. ಆದರೆ ಆ ಹಾಡಿನ ಪೆಟ್ಟುಗಳು ದೂರ ದೂರ. ಒಂದು ಅದುರಿತು ಎನ್ನುವಷ್ಟರಲ್ಲಿ ಆರಿಹೋಗುತ್ತಿತ್ತು. ಐದು ನಿಮಿಷದಲ್ಲಿ ಹಾಡೇ ಮುಗಿಯಿತು. ಕಂಚುಗಾರ ಎದ್ದು ನಿಂತ. "ಸಾಕು ಬಿಡಯ್ಯ. ನನ್ನ ಹೊಟ್ಟೆ ಉರಿಸಬೇಡ," ಎಂದ.

ಬಡಗಿ ಅವನ ಹೆಗಲು ಒತ್ತಿ ಕೂರಿಸಿ ಇನ್ನೊಂದು ಕ್ಯಾಸೆಟ್ಟು ಹಾಕಿದ.

ಮೊದಲ ಐದು ನಿಮಿಷ ಕಂಚುಗಾರ ಮುಖ ಊದಿಸಿಕೊಂಡು ಕೂತಿದ್ದ. ಯಾವುದೋ ಲಾರಿ ಹೋದ ಹಾಗೆ ಮಣೆ ಅದುರುತ್ತಿತ್ತು. ಇನ್ನೈದು ನಿಮಿಷ ಹೋಯಿತು. ಲಾರಿ ಹೋಗಿಬಿಡಲಿಲ್ಲ. ಅದುರಿದಲ್ಲೇ ಮತ್ತೆ ಅದುರಿತು, ಬಿಟ್ಟಲ್ಲೇ ಮತ್ತೆ ಬಿಟ್ಟಿತು. ಒಂದು ಸುತ್ತು ತಪ್ಪಿಹೋದರೂ ಹಿಂದೆಯೇ ಇನ್ನೊಂದು ಬರುತ್ತಿತ್ತು. ಅವನು ಉಸಿರು ಬಿಗಿಹಿಡಿದು ಮುಂದಿನದಕ್ಕೆ ಕಾದ. ಬಂತು. ಅದರ ಮುಂದಿನದಕ್ಕೆ ಕಾದ. ಅದೂ ಬಂತು. ಹದಿನೈದನೆಯ ನಿಮಿಷಕ್ಕೆ ಅವನ ಬಲಗಾಲಿನ ಹಿಮ್ಮಡಿ ನೆಲ ತಟ್ಟತೊಡಗಿತು. ಬೆನ್ನುಮೂಳೆಯಿಂದ ಹಾಡು ಮೇಲೇರಿತು. ಊರೆಲ್ಲ ಕುಣಿಯಬೇಕಾದ ಆ ಹಾಡಿಗೆ ಕಂಚುಗಾರ ಗಳಗಳನೆ ಅತ್ತುಬಿಟ್ಟ.

"ನಿನ್ನ ಹಾಡು ಉದ್ದ ಇದ್ದದ್ದು ಒಳ್ಳೇದಾಯ್ತು ಕಣೋ," ಎಂದ. "ಚಿಕ್ಕದಾಗಿದ್ದಿದ್ರೆ ನಾನು ಎದ್ದು ಹೋಗ್ತಿದ್ದೆ."

ಬಡಗಿ ಕ್ಯಾಸೆಟ್ಟನ್ನು ಮತ್ತೆ ಮೊದಲಿಗೆ ಸುತ್ತಿದ. ಏನು ಹೇಳಿದರೂ ಕಂಚುಗಾರನಿಗೆ ಕಣ್ಣೀರಿನಲ್ಲಿ ತುಟಿ ಕಾಣುತ್ತಿರಲಿಲ್ಲ.

ಅಲ್ಲಿಂದ ಮುಂದೆ ಕಂಚುಗಾರ ದಿನವೂ ಜಗಲಿಗೆ ಬಂದ. ದಿನವೂ ಇಪ್ಪತ್ತು ನಿಮಿಷ ಆ ಮಣೆಯ ಮೇಲೆ ಕೂತ. ಕೂರುವ ಮೊದಲು ಬಡಗಿಯ ಕೈಯನ್ನು ಒಮ್ಮೆ ಹಿಡಿದು ಬಿಡುತ್ತಿದ್ದ. ಇಷ್ಟು ವರ್ಷ ಹೇಳದ ಕೃತಜ್ಞತೆಯನ್ನೆಲ್ಲ ಹಾಗೆ ಹೇಳುತ್ತಿದ್ದ. ಮೈಗೆ ಅಭ್ಯಾಸವಾಯಿತು. ಯಾವುದು ಡ್ರಮ್ಮು, ಯಾವುದು ದಪ್ಪ ತಂತಿ ಎಂದು ಅವನ ಬೆನ್ನಿಗೇ ತಿಳಿಯತೊಡಗಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ, ಹೆದರುತ್ತ ಹೆದರುತ್ತ, "ನನ್ನದು ಹಾಕು ನೋಡೋಣ," ಎಂದ.

ಗಿಟಾರು ಅಳುವುದು ಅವನಿಗೆ ಕೇಳಿಸಲಿಲ್ಲ. ಅದು ಹೋದದ್ದು ಹೋಯಿತು. ಹಾಡುವವನ ದನಿಯೂ ಬರಲಿಲ್ಲ. ಆದರೆ ಅವೆರಡರ ಕೆಳಗೆ ಒಂದು ದಪ್ಪ ತಂತಿ ಒಂದೊಂದೇ ಹೆಜ್ಜೆ ಇಡುತ್ತಿತ್ತು. ಅಳುವವನ ಪಕ್ಕದಲ್ಲಿ, ಮಾತಾಡದೆ, ಹಾಡು ಮುಗಿಯುವವರೆಗೂ ಯಾರೋ ನಡೆದುಕೊಂಡು ಬಂದ ಹಾಗೆ. ಕಿವಿ ನೆಟ್ಟಗಿದ್ದ ಕಾಲದಲ್ಲಿ ಕಂಚುಗಾರ ಅದನ್ನು ಒಮ್ಮೆಯೂ ಗಮನಿಸಿರಲಿಲ್ಲ. ಅಳುವವನನ್ನಷ್ಟೇ ಕೇಳಿದ್ದ. ಆ ದುಃಖದ ಹಾಡಿಗೆ ಅವನು ಮಣೆಯ ಮೇಲೆ ಕೂತು ಜೋರಾಗಿ ನಕ್ಕ. "ಇವನು ಒಬ್ಬನೇ ಇರಲಿಲ್ಲ ಕಣೋ! ಮೊದಲಿಂದಲೂ ಒಬ್ಬನೇ ಇರಲಿಲ್ಲ!" ಎಂದು ಬಡಗಿಯ ತೊಡೆ ತಟ್ಟಿ ತಟ್ಟಿ ಹೇಳಿದ. ಬೀದಿಯವರು ಕಂಚುಗಾರನಿಗೆ ಬುದ್ಧಿ ತಿರುಗಿತು ಎಂದುಕೊಂಡರು.

ಜೋಕಿಂ ಮೇಷ್ಟ್ರು ಇಲ್ಲಿಗೆ ಕತೆ ನಿಲ್ಲಿಸಿ, ತಮ್ಮ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು ತಂತಿ ಬಿಗಿಮಾಡತೊಡಗಿದರು. ಅವರು ಮುಂದೆ ಹೇಳುವ ಹಾಗೆ ಕಾಣಲಿಲ್ಲ. ತಿಪ್ಪೇಶನ ಮುಖ ಸಪ್ಪಗಾಗಿತ್ತು.

"ಹಾಗಾದರೆ ವಾಜಿದನ ಫಂಕೇ ದೊಡ್ಡದು ಅಂತಾಯ್ತು," ಎಂದ.

ಮೇಷ್ಟ್ರು ತಂತಿಯಿಂದ ಕೈ ತೆಗೆದು ಅವನನ್ನು ನೋಡಿದರು.

"ನಿನಗೆ ಎರಡೂ ಕೇಳಿಸುತ್ತಿವೆಯಲ್ಲ, ತಿಪ್ಪೇಶ?"