ಒಡೆಯುವ ಕೆಲಸ

ಆಯುಧಪೂಜೆಯ ಬೆಳಿಗ್ಗೆ ಡ್ರೈವರ್ ಹೊನ್ನೂರಪ್ಪ ಲಾರಿಯ ಮುಂದಿನ ಟೈರಿನಡಿ ನಿಂಬೆಹಣ್ಣು ಇಟ್ಟ. ನಿಂಬೆ ತಲೆಯೆತ್ತಿ ನೋಡಿದರೆ ಟೈರಿನ ಪಕ್ಕೆಯ ತುಂಬ ಬಿರುಕು!

“ಅಜ್ಜಾ, ನಿನಗೆ ವಯಸ್ಸಾಯಿತು. ಇನ್ನು ಇಳಿ” ಎಂದಿತು.

“ನೆಲ ಕಚ್ಚುವ ನನ್ನ ಹಲ್ಲು ಒಂದೂ ಸವೆದಿಲ್ಲ. ಒಡೆಯುವುದು ನಿನ್ನ ಕೆಲಸ, ಸುಮ್ಮನೆ ಕೂರು!” ಎಂದು ಟೈರು ಗುಡುಗಿತು.

“ನಾನು ಒಡೆದರೆ ಕೆಟ್ಟ ದೃಷ್ಟಿ ಹೋಗುತ್ತದೆ. ನೀನು ಒಡೆದರೆ ಹೊನ್ನೂರಪ್ಪನೇ ಹೋಗುತ್ತಾನೆ” ಎಂದ ನಿಂಬೆ ಉರುಳಿ ಲಾರಿಯಡಿ ಸೇರಿತು.

ಹುಡುಕಲು ಬಗ್ಗಿದ ಹೊನ್ನೂರಪ್ಪನ ಮೂಗು ಟೈರಿಗೇ ತಾಗಿತು. “ಅಯ್ಯೋ ಶಿವನೇ, ಇಷ್ಟು ದೊಡ್ಡ ಬಿರುಕಿನ ಮೇಲೆ ಅರಿಶಿನ ಕುಂಕುಮ ಬಳಿದಿದ್ದೀನಲ್ಲ!”

ಮಧ್ಯಾಹ್ನದೊಳಗೆ ಹೊಸ ಟೈರು ಬಂತು. ನಿಂಬೆ ತಾನಾಗಿ ಉರುಳಿ ಬಂದು ಅದರಡಿ ಕೂತು, “ಈಗ ಹತ್ತು ಮಗಾ. ಒಡೆಯುವ ಕೆಲಸ ನನ್ನೊಬ್ಬಳದೇ ಇರಲಿ” ಎಂದು ನಕ್ಕಿತು.