ಕೊಕ್ಕರೆ ಕೇಳಿದ ಬಂಡೆ

ಕೊಕ್ಕರೆಗಳ ವಿದ್ಯಾಲಯದಲ್ಲಿ ಸಂಜೆಯವರೆಗೆ ಒಂಟಿಕಾಲಲ್ಲಿ ನಿಂತವರಿಗಷ್ಟೇ ತೇರ್ಗಡೆ. ಉಳಿದವರಿಗೆ ಕೆರೆಯಲ್ಲಿ ಜಾಗವಿಲ್ಲ. ಬಲೆಗೆ ಸಿಕ್ಕಿ ಒಂದು ಕಾಲು ಕಳೆದುಕೊಂಡಿದ್ದ ಎಳೆಯ ಕೊಕ್ಕರೆಯೊಂದು ಗುರುಗಳ ಮುಂದೆ ತಲೆಬಾಗಿ, "ಪರೀಕ್ಷೆಯಲ್ಲಿ ಬಂಡೆಗೆ ಒರಗಿ ನಿಲ್ಲಲು ಅಪ್ಪಣೆಯಾಗಬೇಕು" ಎಂದಿತು.

ಗುರುಕೊಕ್ಕರೆಗೆ ಸಂಶಯ ಬಂತು. "ಎಲ್ಲರೂ ನಿಲ್ಲುವುದು ಒಂದೇ ಕಾಲಲ್ಲಿ. ನಿನ್ನದೇನಪ್ಪ ಹೆಚ್ಚುಗಾರಿಕೆ? ಇನ್ನೊಂದನ್ನು ಪುಕ್ಕದೊಳಗೆ ಅಡಗಿಸಿರಬೇಕು" ಎನ್ನುತ್ತ ಕೊಕ್ಕಿನಿಂದ ಪುಕ್ಕ ಸರಿಸಿ ನೋಡಿತು. ಅಲ್ಲಿದ್ದದ್ದು ಬರೀ ಮೋಟುಗಾಲು. ಆದರೂ ನಂಬಿಕೆ ಬರಲಿಲ್ಲ. ತನ್ನ ಬಂಡೆಗೆ ಹೋಗಿ ಒರಗಿಕೊಂಡು, "ಇವತ್ತು ನಿನಗೆ ಒಪ್ಪಿದರೆ ನಾಳೆ ಎಲ್ಲರೂ ಕುಂಟುತ್ತ ಬರುತ್ತಾರೆ" ಎಂದಿತು.

"ಅವರು ದಣಿದರೆ ಕಾಲು ಬದಲಿಸುತ್ತಾರೆ, ಗುರುಗಳೇ. ನನಗೆ ಬದಲಿಸಲು ಇನ್ನೊಂದಿಲ್ಲ."

ಗುರುಕೊಕ್ಕರೆ ತನ್ನ ಎರಡು ಕಾಲುಗಳನ್ನು ನೋಡಿಕೊಂಡಿತು. ಆಮೇಲೆ ಒರಗಿದ್ದ ಬಂಡೆಯನ್ನು ಬಿಟ್ಟು ಮೆಲ್ಲಗೆ ಪಕ್ಕಕ್ಕೆ ಸರಿದು ನಿಂತಿತು.