ಆರು ಮೊಳ ನೂಲು

ಎರಡು ದಿನದಿಂದ ಉಪವಾಸವಿದ್ದ ಜೇಡವೊಂದು ಬಾವಿಕಟ್ಟೆಯ ಕಂಬದ ತುದಿಯಲ್ಲಿ ಕೂತು, ಕೆಳಗಿನ ಕನಕಾಂಬರದ ಬುಡಕ್ಕೆ ಅಂಟುನೂಲು ಎಳೆಯುವ ಯೋಚನೆಯಲ್ಲಿತ್ತು. ಹೊಟ್ಟೆಯಲ್ಲಿ ಉಳಿದಿದ್ದದ್ದು ಆರೇ ಮೊಳ ನೂಲು. “ಈ ಆರು ಮೊಳ ಸಾಲದೆ ಹೋದರೆ ನೂಲೂ ಹಾಳು, ಊಟವೂ ಇಲ್ಲ” ಎಂದು ಗೊಣಗಿಕೊಂಡಿತು.

ಮೈ ಮಡಿಚಿ ಮಡಿಚಿ ದಾರಿಯನ್ನು ಅಳೆಯುತ್ತಾ ಕಂಬವೇರಿ ಬಂದ ಹಸಿರು ಹುಳು ಹೇಳಿತು: “ಜೇಡಮ್ಮ, ಆ ಆಸೆ ಬಿಡಿ. ಗಿಡದಿಂದ ಕಂಬದ ಬುಡಕ್ಕೆ ಮೂರು ಮೊಳ, ಅಲ್ಲಿಂದ ಇಲ್ಲಿಗೆ ನಾಲ್ಕು. ಒಟ್ಟು ಏಳು. ನನ್ನ ಅಳತೆ ಇದುವರೆಗೆ ತಪ್ಪಿಲ್ಲ.”

ಜೇಡ ಕೇಳಿತು: “ಹುಳುರಾಯರೇ, ಕಂಬ ನೆಟ್ಟಗಿದೆಯೇ? ನೆಲ ಸಮವಾಗಿದೆಯೇ?”

“ಎರಡೂ ಹೌದು. ಮೂಲೆ ಒಂದಿಷ್ಟೂ ಓರೆಯಿಲ್ಲ.”

“ಹಾಗಾದರೆ ಮೂರು ಮೂರಲ ಒಂಬತ್ತು, ನಾಲ್ಕು ನಾಲ್ಕಲ ಹದಿನಾರು. ಕೂಡಿದರೆ ಇಪ್ಪತ್ತೈದು. ಐದೈದಲ ಇಪ್ಪತ್ತೈದು! ನೀವು ಮೂಲೆ ಬಳಸಿ ಬಂದಿರಿ, ನಾನು ಓರೆಯಾಗಿ ಹೋಗುವವಳು. ನನಗೆ ಐದು ಸಾಕು.”

ಗಾಳಿ ಬೀಸುವುದನ್ನೇ ಕಾದು ಜೇಡ ನೂಲು ಬಿಟ್ಟಿತು. ಐದು ಮೊಳಕ್ಕೆ ಅದು ಗಿಡದ ಬುಡ ಮುಟ್ಟಿತು. ಇನ್ನೊಂದು ಮೊಳ ಹೊಟ್ಟೆಯಲ್ಲೇ ಉಳಿಯಿತು.

ಹುಳು ನಂಬಲಿಲ್ಲ. ಮತ್ತೆ ಕಂಬವಿಳಿದು, ನೆಲ ದಾಟಿ, ಗಿಡದ ಹತ್ತಿರ ನಿಂತು ಕೂಗಿತು: “ನೋಡಿ, ಏಳೇ!”

ಅಷ್ಟರಲ್ಲಿ ನೂಲಿಗೆ ಅಂಟಿದ ಸೊಳ್ಳೆಯಿಂದ ಜೇಡದ ಬಾಯಿ ತುಂಬಿತ್ತು.